"ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು: ಏಳು ವರ್ಷದ ಮಗಳಿಗೆ ಹೇಗೆ ತಿಳಿಸಿ ಹೇಳಲಿ?

ಡೊಂಬಿವಲಿ ಸೊಸೆ:

ಎಲ್ಲರಿಗೂ ನಮಸ್ಕಾರ. ನನ್ನ ತವರು ಹಾಸನ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹತ್ತು ವರ್ಷ ಆಯ್ತು. ನಮ್ಮನೆಯವರ ಮೂಲ ಧಾರವಾಡ, ಆದರೆ ಮಾವನವರ ಕಾಲದಿಂದ ಇಲ್ಲೇ ಇದ್ದಾರೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಸ್ಕೂಲಿನಲ್ಲಿ ಇಂಗ್ಲಿಷು.

ಮಗಳು ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು, ಶೂ ಲೇಸ್ ಕಟ್ಟಿಸಿಕೊಂಡು, ಬಾಗಿಲ ಹತ್ತಿರ ನಿಂತು "ಅಜ್ಜೀ, ನಾನು ಹೋಗ್ತೀನಿ" ಅನ್ನುತ್ತಾಳೆ. ಒಳಗಿನಿಂದ ಅತ್ತೆಯ ದನಿ ತಕ್ಷಣ ಬರುತ್ತದೆ: "ಹೋಗ್ತೀನಿ ಅನಬಾರ್ದವಾ, ಬರ್ತೀನಿ ಅನ್ನು." ಅವಳು ಮತ್ತೆ ಹೇಳಬೇಕು. ಸರಿಯಾಗಿ ಹೇಳುವ ತನಕ ಅತ್ತೆ ಬಿಡುವುದಿಲ್ಲ. ಕೆಳಗೆ ಸ್ಕೂಲ್ ವ್ಯಾನಿನವರು ಹಾರ್ನ್ ಹೊಡೆಯುತ್ತಾ ಇರುತ್ತಾರೆ. ಹೋದ ವಾರ ಮಗಳು ಕೇಳಿಯೇಬಿಟ್ಟಳು. "ಅಜ್ಜೀ, ನಾನು ಈಗ ಹೋಗ್ತಾ ತಾನೆ ಇರೋದು? ಬರೋದು ಮಧ್ಯಾಹ್ನ. ಮತ್ತೆ ಬರ್ತೀನಿ ಅಂದ್ರೆ ಸುಳ್ಳಲ್ವಾ?" ಅತ್ತೆ "ಹಂಗ ಅನ್ನೂದು ಪದ್ಧತಿ" ಅಂದರು. ಅವಳಿಗೆ ಸಮಾಧಾನ ಆಗಲಿಲ್ಲ, ನನ್ನ ಮುಖ ನೋಡಿದಳು. ನನಗೂ ಏನೂ ಹೊಳೆಯಲಿಲ್ಲ. ಹಾಸನದಲ್ಲಿ ನಾವೂ "ಹೋಗ್ಬಿಟ್ಟು ಬರ್ತೀನಿ" ಅಂತಲೇ ಹೇಳಿ ಬೆಳೆದವರು. ಆದರೆ ಯಾಕೆ ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲೇ ಕೂತಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಂದು ಮರಾಠಿ ಮನೆಯ ಹಿರಿಯರು ತೀರಿಕೊಂಡರು. ಸಂಜೆ ಹೋಗಿ ಅರ್ಧ ಗಂಟೆ ಕೂತಿದ್ದು, ಏಳುವಾಗ ಅಭ್ಯಾಸಬಲದಿಂದ ಕೈ ಮುಗಿದು "ಯೇತೇ" ಅಂದುಬಿಟ್ಟೆ, ಅಂದರೆ ಮರಾಠಿಯಲ್ಲಿ ಬರ್ತೀನಿ ಅಂತ. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು, ಬೇಡ ಅನ್ನುವ ಹಾಗೆ ತಲೆ ಆಡಿಸಿದರು. ಬೈಯಲಿಲ್ಲ, ಏನೂ ಅನ್ನಲಿಲ್ಲ. ಆದರೂ ಮೆಟ್ಟಿಲು ಇಳಿಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಆ ಮನೆಯ ಸೊಸೆ ನನ್ನ ಗೆಳತಿ.

ಹಾಗಾಗಿ ಕೇಳುತ್ತಿದ್ದೇನೆ. ಮಗುವಿಗೆ ಅರ್ಥವಾಗುವ ಹಾಗೆ ಏನು ಹೇಳಲಿ? ಮತ್ತೆ ಈ ಮಾತನ್ನು ಎಲ್ಲೆಲ್ಲಿ ಹೇಳಬಾರದು, ಅಲ್ಲಿ ಬದಲಿಗೆ ಏನು ಹೇಳುತ್ತೀರಿ?

ಕೋಥ್ರೂಡ್ ಕನ್ನಡಿಗ:

ಅಕ್ಕಾ, ಇದು ನಿಮ್ಮ ಅತ್ತೆಯೊಬ್ಬರ ಮಾತಲ್ಲ. ಮರಾಠಿ ಮನೆಗಳಲ್ಲೂ ಮಕ್ಕಳು "ಜಾತೋ" (ಹೋಗ್ತೀನಿ) ಅಂದರೆ ಹಿರಿಯರು ಹೀಗೇ ತಡೆದು "ಯೇತೋ ಮ್ಹಣಾವಂ" (ಬರ್ತೀನಿ ಅನ್ನಬೇಕು) ಅಂತ ತಿದ್ದುತ್ತಾರೆ. ತಮಿಳರು "ಪೋಯಿಟ್ಟು ವರೇನ್" ಅನ್ನುತ್ತಾರೆ, ತೆಲುಗಿನವರು "ವೆಳ್ಳೊಸ್ತಾನು" ಅನ್ನುತ್ತಾರೆ, ಎರಡೂ ಹೋಗಿ ಬರ್ತೀನಿ ಅಂತಲೇ.

ನಾನು 2011ರಲ್ಲಿ ಪುಣೆಗೆ ಬಂದ ಹೊಸತು. ಆಫೀಸಿನಲ್ಲಿ ಪಕ್ಕದ ಸೀಟಿನವನು ಸಂಜೆ ಬ್ಯಾಗ್ ಹೆಗಲಿಗೇರಿಸಿ "ಚಲ್, ಯೇತೋ" ಅಂದ. ಯೇತೋ ಅಂದರೆ ಬರ್ತೀನಿ ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಚಹಾಕ್ಕೆ ಹೋಗಿರಬೇಕು, ಬರುತ್ತಾನೆ ಅಂತ ಮುಕ್ಕಾಲು ಗಂಟೆ ಕಾದೆ. ಅವನು ಮನೆಗೆ ಹೋಗಿಯಾಗಿತ್ತು. ನಮ್ಮಲ್ಲೂ ಅದೇ ಮಾತು ಇದೆ, ದಿನಾ ಆಡುತ್ತೇವೆ, ಆದರೂ ಇನ್ನೊಂದು ಭಾಷೆಯಲ್ಲಿ ಕಿವಿಗೆ ಬಿದ್ದಾಗ ನನಗೆ ಹೊಳೆಯಲೇ ಇಲ್ಲ. ನಮ್ಮ ಭಾಷೆಯಲ್ಲಿ ನಾವು ಪದ ಕೇಳಿಸಿಕೊಳ್ಳುವುದಿಲ್ಲ, ನೇರವಾಗಿ ಅರ್ಥವನ್ನೇ ಕೇಳಿಸಿಕೊಳ್ಳುತ್ತೇವೆ ಅಂತ ಅವತ್ತು ಗೊತ್ತಾಯ್ತು. ನಿಮ್ಮ ಮಗಳು ಮೂರು ಭಾಷೆ ನಡುವೆ ಬೆಳೆಯುತ್ತಿದ್ದಾಳೆ, ಅದಕ್ಕೇ ಅವಳಿಗೆ ಪದವೂ ಕೇಳಿಸುತ್ತಿದೆ. ಒಳ್ಳೆಯ ಕಿವಿ ಅದು.

ಅವಳ ಪ್ರಶ್ನೆಗೆ ನನ್ನ ಉತ್ತರ: ಅದು ಸುಳ್ಳಲ್ಲ. ಕನ್ನಡದಲ್ಲಿ "ಬರ್ತೀನಿ" ಅನ್ನುವುದು ಈಗಿನದಕ್ಕೂ ಸಲ್ಲುತ್ತದೆ, ಮುಂದಿನದಕ್ಕೂ ಸಲ್ಲುತ್ತದೆ. "ನಾಳೆ ಬರ್ತೀನಿ" ಅನ್ನುತ್ತೇವೆ, "ದಸರಾಕ್ಕೆ ಊರಿಗೆ ಬರ್ತೀನಿ" ಅನ್ನುತ್ತೇವೆ. ಅವಳು ಹೇಳುತ್ತಿರುವುದು "ಹೋಗಿ, ಮಧ್ಯಾಹ್ನ ಬರ್ತೀನಿ" ಅಂತ. ಹೋಗುವುದು ಎಲ್ಲರ ಕಣ್ಣಿಗೆ ಕಾಣುತ್ತಾ ಇದೆ, ಆದ್ದರಿಂದ ಬಾಯಿಬಿಟ್ಟು ಹೇಳಬೇಕಾದದ್ದು ಬರುವುದನ್ನೇ.

ದೊಡ್ಡವರಿಗೆ ಇನ್ನೊಂದು ಕಾರಣ ಇದೆ. "ಅವರು ಹೋದರು" ಅಂದರೆ ನಮ್ಮಲ್ಲಿ ತೀರಿಕೊಂಡರು ಅಂತಲೂ ಅರ್ಥ. ಮರಾಠಿಯಲ್ಲೂ "ತೇ ಗೇಲೇ" ಅಂದರೆ ಅದೇ. ರಾತ್ರಿ ಹನ್ನೊಂದಕ್ಕೆ ಊರಿನಿಂದ ಫೋನ್ ಬಂದು ಆ ಕಡೆಯಿಂದ "ಅಜ್ಜ ಹೋಗಿಬಿಟ್ರು" ಅಂದರೆ ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಅಂಥ ಪದವನ್ನು ಹೊಸ್ತಿಲ ಮೇಲೆ ನಿಂತು ಒಂಟಿಯಾಗಿ ಆಡಿದರೆ ಹಿರಿಯರ ಎದೆ ಒಂದು ಕ್ಷಣ ಧಸಕ್ ಅನ್ನುತ್ತದೆ. ಜೊತೆಗೆ "ಬರ್ತೀನಿ" ಸೇರಿದರೆ ನೆಮ್ಮದಿ. ಇದನ್ನು ಏಳು ವರ್ಷದ ಮಗುವಿಗೆ ಈಗಲೇ ಹೇಳಬೇಕಾಗಿಲ್ಲ.

ಮುಲುಂಡ್ 80:

ಮೇಲಿನವರು ಹೇಳಿದ್ದು ಪೂರ್ತಿ ನಿಜ. ನನಗೆ ಈ ಮಾತು ಬರೀ ಪದ್ಧತಿಯಲ್ಲ. ಯಾಕೆ ಅಂತ ಹೇಳುತ್ತೇನೆ.

2005ರ ಜುಲೈ 26, ಮಂಗಳವಾರ. ಆಗ ಅಪ್ಪನ ಆಫೀಸು ಮುಂಬೈನ ಕಲೀನಾದಲ್ಲಿ. ಬೆಳಿಗ್ಗೆ ಎಂದಿನಂತೆ ಡಬ್ಬಿ ತಗೊಂಡು "ಹೋಗಿ ಬರ್ತೀನಿ" ಅಂತ ಅಮ್ಮನಿಗೆ ಹೇಳಿ ಹೋದರು. ಮಧ್ಯಾಹ್ನದ ಮೇಲೆ ಶುರುವಾದ ಮಳೆ ನಿಲ್ಲಲೇ ಇಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು ಅಂತ ಆಮೇಲೆ ಪೇಪರಿನಲ್ಲಿ ಬಂತು. ಲೋಕಲ್ ರೈಲು ನಿಂತಿತು, ಮೊಬೈಲ್ ಸತ್ತಿತು, ನಮ್ಮ ಕಡೆ ಕರೆಂಟೂ ಹೋಯಿತು. ಅಮ್ಮ ಮೇಣದ ಬತ್ತಿ ಹಚ್ಚಿ ಬಾಗಿಲು ಅರ್ಧ ತೆರೆದಿಟ್ಟುಕೊಂಡು ರಾತ್ರಿಯೆಲ್ಲಾ ಹೊಸ್ತಿಲ ಹತ್ತಿರ ಕೂತಿದ್ದರು. ಅಕ್ಕಪಕ್ಕದವರು ಬಂದು ಏನೇನೋ ಹೇಳುತ್ತಿದ್ದರು. ಮಿಠಿ ನದಿ ಹಾಗಾಯಿತಂತೆ, ಕುರ್ಲಾದಲ್ಲಿ ಹೀಗಾಯಿತಂತೆ ಅಂತ. ಅಮ್ಮ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಅವರು ಬರ್ತೀನಿ ಅಂತ ಹೇಳಿ ಹೋಗಿದಾರೆ."

ಮರುದಿನ ಮಧ್ಯಾಹ್ನ ಅಪ್ಪ ಬಂದರು. ರಾತ್ರಿ ಆಫೀಸಿನ ಮೇಲಿನ ಮಹಡಿಯಲ್ಲಿ ಕಳೆದು, ಬೆಳಗಾದ ಮೇಲೆ ನೀರಲ್ಲಿ ಕಾಲೆಳೆದುಕೊಂಡು ಕುರ್ಲಾ ದಾಟಿ, ಎಲ್‌ಬಿಎಸ್ ರಸ್ತೆ ಹಿಡಿದು ಮುಲುಂಡ್ ತನಕ ನಡೆದೇ ಬಂದಿದ್ದರು. ಪ್ಯಾಂಟು ಮೊಣಕಾಲ ತನಕ ಕೆಸರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಡಬ್ಬಿ ಇತ್ತು. ಅಮ್ಮ ಡಬ್ಬಿ ಇಸಿದುಕೊಂಡು ಒಳಗೆ ಹೋಗಿ ಅತ್ತರು.

ಅವತ್ತು ಬರ್ತೀನಿ ಅಂತ ಹೇಳಿ ಹೋದವರು ಎಷ್ಟೋ ಜನ ಬರಲಿಲ್ಲ, ಅದೂ ಗೊತ್ತು. ಪದದಿಂದ ಅಪ್ಪ ಉಳಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ರಾತ್ರಿ ಅಮ್ಮನ ಕೈಯಲ್ಲಿ ಹಿಡಿದುಕೊಳ್ಳೋಕೆ ಇದ್ದದ್ದು ಅದೊಂದೇ ಮಾತು. ಈಗ ನನ್ನ ಗಂಡ, ಮಗ ಇಬ್ಬರೂ ಹೇಳದೆ ಮನೆ ಬಿಡುವುದಿಲ್ಲ. ಮಗ ಹತ್ತೊಂಬತ್ತು ವರ್ಷದವನು, ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಹೇಳುತ್ತಾನೆ, ಆದರೂ ಹೇಳುತ್ತಾನೆ.

ನೆರೂಳ್ ನಿವಾಸಿ:

ಮುಲುಂಡ್ ಅಕ್ಕ, ನಿಮ್ಮ ಮಾತು ಓದಿ ಮನಸ್ಸು ಭಾರ ಆಯ್ತು. ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ, ಬೇಜಾರು ಮಾಡ್ಕೋಬೇಡಿ.

"ಬರ್ತೀನಿ" ಒಳ್ಳೆಯ ಮಾತು, ಒಪ್ಪಿದೆ. ಆದರೆ "ಹೋಗ್ತೀನಿ" ಅಪಶಕುನ ಅಂತ ಮಗುವಿನ ತಲೆಗೆ ತುಂಬಬೇಡಿ. ಹೋಗು ಅನ್ನುವ ಪದದಲ್ಲಿ ಕೆಟ್ಟದ್ದೇನೂ ಇಲ್ಲ. ಕರೆಂಟ್ ಹೋಯ್ತು, ಮಾನ ಹೋಯ್ತು, ಪ್ರಾಣ ಹೋಯ್ತು ಅನ್ನುತ್ತೇವೆ, ಸರಿ. ಆದರೆ ಜ್ವರ ಹೋಯ್ತು, ನೋವು ಹೋಯ್ತು, ಭಯ ಹೋಯ್ತು ಅಂತಲೂ ಅನ್ನುತ್ತೇವಲ್ವಾ? ಹಾಗೇ "ಬಂತು" ಅಂದದ್ದೆಲ್ಲಾ ಒಳ್ಳೆಯದೂ ಅಲ್ಲ. ಜ್ವರವೂ ಬರುತ್ತದೆ, ಕೋಪವೂ ಬರುತ್ತದೆ, ಸಾಲದವನೂ ಬರುತ್ತಾನೆ.

ನನಗೆ ಸರಿ ಕಾಣದೇ ಇರುವುದು ಹೊರಟ ಮಗುವನ್ನು ತಡೆಯುವುದು. ಸೊಲ್ಲಾಪುರದಲ್ಲಿ ನಮ್ಮ ಮನೆಯಲ್ಲಿ ಇದೆಲ್ಲಾ ಬಹಳ. ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು, ಕೇಳಿದರೆ ವಾಪಸ್ ಬಂದು ಐದು ನಿಮಿಷ ಕೂತು, ನೀರು ಕುಡಿದು ಹೋಗಬೇಕು. ಡಿಪ್ಲೊಮಾ ಎರಡನೇ ವರ್ಷದ ಪರೀಕ್ಷೆ ದಿನ ಪಕ್ಕದ ಮನೆಯವರು ಸುಮ್ನೆ ಪ್ರೀತಿಯಿಂದ ಎಲ್ಲಿಗಪ್ಪಾ ಅಂದರು. ದೊಡ್ಡಮ್ಮ ನನ್ನನ್ನು ಒಳಗೆ ಕರೆದು ಕೂರಿಸಿದರು. ಬಸ್ ತಪ್ಪಿತು. ಇಪ್ಪತ್ತು ನಿಮಿಷ ತಡವಾಗಿ ಹಾಲ್ ಒಳಗೆ ಹೋದಾಗ ಕೈ ನಡುಗುತ್ತಿತ್ತು, ಬರುವ ಲೆಕ್ಕವೂ ತಪ್ಪಿದವು. ಆ ಪೇಪರು ಮತ್ತೆ ಬರೆಯಬೇಕಾಯ್ತು. ದೊಡ್ಡಮ್ಮನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪ್ರೀತಿ ದಾರಿಗೆ ಅಡ್ಡ ನಿಲ್ಲಬಾರದು.

ಹಾಗಾಗಿ ಅಕ್ಕಾ, ಅತ್ತೆಯವರಿಗೆ ಸಮಾಧಾನವಾಗಿ ಹೇಳಿ. ವ್ಯಾನ್ ಬಂದಿರುವಾಗ ತಿದ್ದುವುದು ಬೇಡ, ರಾತ್ರಿ ಮಲಗುವ ಹೊತ್ತಿಗೆ ಕತೆ ಹೇಳುವಾಗ ಹೇಳಿಕೊಡಲಿ. ಮಗು ಬರೀ "ಬಾಯ್" ಅಂದು ಓಡಿದ ದಿನ ಅಜ್ಜಿಯೇ "ಹೋಗಿ ಬಾ ಕಂದಾ" ಅಂದರೆ ಸಾಕು, ಬರುವ ಮಾತು ಮನೆಯಲ್ಲಿ ಆಡಿದ ಹಾಗಾಯ್ತು.

ವಾಸ್ಕೋದವಳು:

ನಾನು ಗೋವಾದಲ್ಲಿ ನರ್ಸ್. ಎಲ್ಲಿ ಹೇಳಬಾರದು ಅಂತ ಕೇಳಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ನಮ್ಮ ವಾರ್ಡಿಗೆ ಗದಗ, ಹಾವೇರಿ, ವಿಜಯಪುರ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರು ಜಾಸ್ತಿ ಬರುತ್ತಾರೆ. ಡಿಸ್ಚಾರ್ಜ್ ಆಗುವ ದಿನ ಗಂಟುಮೂಟೆ ಕಟ್ಟಿಕೊಂಡು ಬಾಗಿಲ ತನಕ ಹೋಗಿ, ತಿರುಗಿ "ಬರ್ತೀನ್ರೀ ಸಿಸ್ಟರ್" ಅಂದು, ಥಟ್ಟನೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಎಲ್ಲರೂ ಹೀಗೇ. ನಾನು "ಇಲ್ಲಿಗೆ ಬರಬೇಡ್ರಿ, ಮನೆಯಲ್ಲಿ ಆರಾಮಾಗಿರ್ರಿ" ಅನ್ನುತ್ತೇನೆ. ಹೋದ ತಿಂಗಳು ಒಬ್ಬ ಅಜ್ಜಿ ಏನೂ ಅನ್ನಲಾರದೆ ಸುಮ್ಮನೆ ನಿಂತರು. ಬರ್ತೀನಿ ಅನ್ನುವ ಹಾಗಿಲ್ಲ, ಹೋಗ್ತೀನಿ ಅನ್ನಲು ಮನಸ್ಸಿಲ್ಲ. ಕೊನೆಗೆ ನನ್ನ ಎರಡೂ ಕೆನ್ನೆ ಸವರಿ, ಬೆರಳು ಲಟಕ್ಕನೆ ಮುರಿದು ನೆಟಿಗೆ ತೆಗೆದು ಹೋದರು.

ಸಾವಿನ ಮನೆಯಲ್ಲೂ ಹೇಳುವುದಿಲ್ಲ. ಬರ್ತೀನಿ ಅಂದರೆ ಇಂಥದಕ್ಕೇ ಮತ್ತೆ ಬರುತ್ತೇನೆ ಅಂದ ಹಾಗೆ ಆಗುತ್ತದಲ್ಲ, ಅದಕ್ಕೆ. ಅಲ್ಲಿ ಸದ್ದಿಲ್ಲದೆ ಎದ್ದು ಬರಬೇಕು. ಮನೆಯವರೂ "ಹೋಗಿ ಬನ್ನಿ" ಅನ್ನುವುದಿಲ್ಲ. ಹತ್ತಿರದವರಾದರೆ ಕೈ ಹಿಡಿದು "ಧೈರ್ಯ ತಗೊಳ್ಳಿ, ನಾವಿದ್ದೀವಿ" ಅನ್ನಬಹುದು, ಅಷ್ಟೇ. ನಿಮ್ಮ ಕೈ ಹಿಡಿದ ಆ ಹೆಂಗಸು ಬಹಳ ತಿಳಿದವರು ಅಕ್ಕಾ, ನಾಲ್ಕು ಜನರ ಮುಂದೆ ಮಾತಿನಲ್ಲಿ ತಿದ್ದಲಿಲ್ಲ ನೋಡಿ. ನಿಮ್ಮ ಗೆಳತಿಗೆ ಆ ಹೊತ್ತಿನಲ್ಲಿ ಅದು ಕೇಳಿಸಿರುವುದೂ ಇಲ್ಲ. ಹದಿಮೂರು ದಿನ ಕಳೆದ ಮೇಲೆ ಒಂದು ಸಲ ಅವರ ಮನೆಗೆ ಹೋಗಿ, ಏನಾದರೂ ಮಾಡಿಕೊಂಡು ಹೋಗಿ, ಕೂತು ಮಾತಾಡಿ.

ಇಲ್ಲಿ ಕೊಂಕಣಿಯಲ್ಲಿ "ಯೆತಾಂ" ಅನ್ನುತ್ತಾರೆ, ಅದೂ ಬರ್ತೀನಿ ಅಂತಲೇ. ಅದಕ್ಕಿಂತ ನನಗೆ "ಮೆಳ್ಯಾಂ" ಇಷ್ಟ. ಸಿಗೋಣ ಅಂತ ಅರ್ಥ. ಇಬ್ಬರಿಗೂ ಸೇರಿದ ಮಾತು ಅದು.

ಕಲ್ಯಾಣ್ ಕರಾವಳಿ:

ನಮ್ಮ ತುಳುವಿನಲ್ಲಿ "ಪೋದು ಬರ್ಪೆ", ಕುಂದಾಪುರದ ನನ್ನ ಹೆಂಡತಿ ಮನೆಯಲ್ಲಿ "ಹೋಯಿ ಬತ್ತೆ". ಎರಡರಲ್ಲೂ ಹೋಗುವುದೂ ಇದೆ, ಬರುವುದೂ ಇದೆ. ನಮ್ಮದು ಹೋಟೆಲು. ಗಲ್ಲಾದಲ್ಲಿ ಕೂತವರು ಗಿರಾಕಿಗೆ "ಬನ್ನಿ" ಅಂದೇ ಕಳಿಸಬೇಕು ಅಂತ ಅಪ್ಪ ನನ್ನನ್ನು ಮೊದಲ ದಿನ ಕೂರಿಸಿದಾಗಲೇ ಹೇಳಿದ್ದರು. ಚಿಲ್ಲರೆ ಕೈಗೆ ಕೊಟ್ಟು, ಮುಖ ನೋಡಿ, "ಬನ್ನಿ". ಇಲ್ಲಿಯವರಿಗೆ "ಯಾ". ಇವತ್ತಿಗೂ ಹಾಗೇ.

ಮಾಟುಂಗಾ ಅಜ್ಜಿ:

ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ನಾನು ಮದುವೆಯಾಗಿ ಮೈಸೂರಿನಿಂದ ಮಾಟುಂಗಾಕ್ಕೆ ಬಂದದ್ದು 1968ರಲ್ಲಿ.

ಮಗಳೇ, ಇದೊಂದೇ ಮಾತಲ್ಲ. ನಮ್ಮ ಕಾಲದಲ್ಲಿ ಇಂಥವು ಮನೆ ತುಂಬಾ ಇದ್ದವು. ದೀಪ ಆರಿಸು ಅನ್ನುತ್ತಿರಲಿಲ್ಲ, ದೀಪ ದೊಡ್ಡದು ಮಾಡು ಅನ್ನುತ್ತಿದ್ದೆವು. ಅಕ್ಕಿ ಮುಗಿಯಿತು ಅನ್ನಬಾರದು, ಅಕ್ಕಿ ತುಂಬಿದೆ ಅನ್ನಬೇಕು. ನಮ್ಮ ಅತ್ತೆ ಡಬ್ಬದ ಮುಚ್ಚಳ ತೆಗೆದು ನೋಡಿ "ಅಕ್ಕಿ ತುಂಬಿದೆ ಕಣೇ" ಅಂದರೆ ನಾನು ಚೀಲ ತಗೊಂಡು ಅಂಗಡಿಗೆ ಹೊರಡುತ್ತಿದ್ದೆ. ಡಬ್ಬದ ತಳದಲ್ಲಿ ಒಂದು ಹಿಡಿ ಅಕ್ಕಿ ಯಾವಾಗಲೂ ಬಿಟ್ಟಿರುತ್ತಿದ್ದರು, ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಬಳೆ ಒಡೆದರೆ ಬಳೆ ಹೆಚ್ಚಿತು ಅನ್ನುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯ ಮರಾಠಿ ಹೆಂಗಸು "ಬಾಂಗಡಿ ವಾಢವಲೀ" ಅಂದದ್ದು ಕೇಳಿ ಎಷ್ಟು ಸಂತೋಷ ಆಯ್ತು ಗೊತ್ತಾ? ಅದೂ ಹೆಚ್ಚಿತು ಅಂತಲೇ. ತೆಂಗಿನಕಾಯಿ ಒಡೆಯುವುದಕ್ಕೂ ಅವರು "ನಾರಳ್ ವಾಢವಣೇ" ಅನ್ನುತ್ತಾರೆ. ನನಗೆ ಆಗ ಇಲ್ಲಿ ಯಾರೂ ಗೊತ್ತಿರಲಿಲ್ಲ, ಭಾಷೆ ಬರುತ್ತಿರಲಿಲ್ಲ, ಬೆಳಗಿನಿಂದ ಸಂಜೆ ತನಕ ಕಿಟಕಿ ಹತ್ತಿರ ಕೂತಿರುತ್ತಿದ್ದೆ. ಆ ಒಂದು ಮಾತು ಕೇಳಿದ ಮೇಲೆ ಇವರೂ ನಮ್ಮ ಹಾಗೇ ಇದ್ದಾರೆ ಅನ್ನಿಸಿತು. ಆ ಹೆಂಗಸೇ ನನಗೆ ಮರಾಠಿ ಕಲಿಸಿದ್ದು.

ನೆರೂಳಿನ ಹುಡುಗ ಹೇಳಿದ್ದು ಸರಿ. ಮಕ್ಕಳನ್ನು ತಡೆಯಬಾರದು. ಆದರೆ ಮಗಳೇ, ನಿಮ್ಮ ಅತ್ತೆಯನ್ನೂ ತಡೆಯಬೇಡ. ವಯಸ್ಸಾದ ಮೇಲೆ ಮನೆಯಿಂದ ಎಲ್ಲರೂ ಹೋದ ಮೇಲೆ ಉಳಿಯುವವರು ನಾವೇ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ತನಕ ಆ ಮಗು ಬಿಟ್ಟು ಹೋದ ಮಾತನ್ನೇ ಇಟ್ಟುಕೊಂಡು ಕೂತಿರಬೇಕು.

ಡೊಂಬಿವಲಿ ಸೊಸೆ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಜ್ಜಿ, ನಿಮ್ಮ ಕೊನೆಯ ಸಾಲನ್ನು ನಮ್ಮನೆಯವರಿಗೂ ಓದಿ ಹೇಳಿದೆ.

ಮಗಳಿಗೆ ಪುಣೆಯ ಅಣ್ಣ ಹೇಳಿದ ಹಾಗೆ ಹೇಳಿದೆ. "ನೀನು ಹೋಗೋದು ಅಜ್ಜಿಗೆ ಕಾಣ್ತಾ ಇದೆ, ಬರೋದು ಕಾಣಲ್ಲ, ಅದಕ್ಕೆ ಅದನ್ನ ಹೇಳಬೇಕು" ಅಂದೆ. ಸ್ವಲ್ಪ ಹೊತ್ತು ಯೋಚಿಸಿ "ಹಾಗಾದ್ರೆ ಎಷ್ಟು ಗಂಟೆಗೆ ಅಂತಾನೂ ಹೇಳ್ತೀನಿ" ಅಂದಳು. ಎರಡು ದಿನದಿಂದ "ಅಜ್ಜೀ, ಒಂದೂವರೆಗೆ ಬರ್ತೀನಿ" ಅನ್ನುತ್ತಿದ್ದಾಳೆ. ಅತ್ತೆ ಒಂದೂಕಾಲಿಗೇ ಗ್ಯಾಲರಿಯಲ್ಲಿ ನಿಂತಿರುತ್ತಾರೆ. ವ್ಯಾನ್ ಹೊತ್ತಿನಲ್ಲಿ ತಿದ್ದುವುದು ಬೇಡ ಅಂತ ಅತ್ತೆಗೆ ಹೇಳಬೇಕು ಅಂದುಕೊಂಡಿದ್ದೆ, ಈಗ ಅದರ ಅಗತ್ಯವೇ ಬೀಳಲಿಲ್ಲ.

ಮೂರನೇ ಮಹಡಿಗೆ ಇನ್ನೂ ಹೋಗಿಲ್ಲ. ಹದಿಮೂರನೇ ದಿನ ಈ ಶನಿವಾರ. ಅದಾದ ಮೇಲೆ ಸೋಮವಾರ ಹೋಗುತ್ತೇನೆ. ಅವಳಿಗೆ ನಮ್ಮ ಕಡೆಯ ಒತ್ತು ಶಾವಿಗೆ ಇಷ್ಟ, ಅದನ್ನೇ ಮಾಡಿಕೊಂಡು ಹೋಗೋಣ ಅಂತ ಇದ್ದೇನೆ.

ಅಂದ ಹಾಗೆ ಇನ್ನೊಂದು ಕೇಳಬೇಕಿತ್ತು. ಫೋನಿನಲ್ಲಿ ಮಾತು ಮುಗಿಸುವಾಗ ನೀವೆಲ್ಲಾ ಏನು ಹೇಳುತ್ತೀರಿ? ನಾನು "ಇಡ್ತೀನಿ" ಅನ್ನುತ್ತೇನೆ. ಹಾಸನದಲ್ಲಿ ಅಮ್ಮ ಮಾತ್ರ ಅದಕ್ಕೆ ಒಪ್ಪುವುದಿಲ್ಲ. "ಇಡ್ತೀನಿ ಅನ್ಬೇಡ, ಆಮೇಲೆ ಮಾಡ್ತೀನಿ ಅನ್ನು" ಅನ್ನುತ್ತಾರೆ.

ಕೋಥ್ರೂಡ್ ಕನ್ನಡಿಗ:

ಇಲ್ಲೂ "ಠೇವತೋ" ಅನ್ನುತ್ತಾರೆ ಅಕ್ಕಾ, ಅದೂ ಇಡ್ತೀನಿ ಅಂತಲೇ. ರಿಸೀವರ್ ಎತ್ತಿ, ಮಾತಾಡಿ, ಮತ್ತೆ ಅದರ ಜಾಗದಲ್ಲಿ ಇಡುತ್ತಿದ್ದ ಕಾಲದ ಮಾತು. ಈಗ ಇಡಲು ಏನೂ ಇಲ್ಲ, ಆದರೂ ಎರಡೂ ಭಾಷೆಯಲ್ಲಿ ಉಳಿದಿದೆ. ನಾನು "ಇಡ್ಲಾ?" ಅಂತ ಕೇಳುತ್ತೇನೆ. ಅಮ್ಮ "ಹೂಂ" ಅಂದ ಮೇಲೂ ಒಂದೆರಡು ನಿಮಿಷ ಮಾತು ನಡೆಯುತ್ತದೆ. ನಿಮ್ಮ ಅಮ್ಮ ಹೇಳಿದ್ದನ್ನು ಇವತ್ತು ರಾತ್ರಿ ನಾನೂ ಹೇಳಿ ನೋಡುತ್ತೇನೆ.